ಕೈಲಾಸಕ್ಕೆ ಬೇಕಾದ ಹಿಮ

ಗಣಪತಿಯ ಸೊಂಡಿಲ ಮೇಲೆ ಮೂಡಿದ ಮೊದಲ ಹನಿಯನ್ನು ನಾನು ಕಣ್ಣಾರೆ ಕಂಡೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನವಾಗುತ್ತಿದೆ. ಮಾಮಿ ಹೇಳುವ ಪ್ರಕಾರ ಆ ಹೊತ್ತಿಗೆ ನಾನು ಪುಣೆಯ ಕಾತ್ರಜದ ಐಸ್ ಫ್ಯಾಕ್ಟರಿಯ ಮುಂದೆ ರಿಕ್ಷಾದವನ ಜೊತೆ ವಾದ ಮಾಡುತ್ತಿದ್ದೆ. "ನೀ ಎಲ್ಲಿದ್ದೀಪಾ ಅಲ್ಲೆ? ನೀ ಬರೂದರಾಗ ಮಂದಿ ಆಗಲೇ ಕೈ ಮುಗದು ನಿಂತಿದ್ರು" ಎನ್ನುತ್ತಾಳೆ. ಅವಳ ಮಾತನ್ನು ಅಲ್ಲಗಳೆಯುವುದು ಕಷ್ಟ, ಏಕೆಂದರೆ ರಿಕ್ಷಾದವನ ಮುಖವೂ ನನಗೆ ಚೆನ್ನಾಗಿ ನೆನಪಿದೆ. ಹನಿಯೂ ನೆನಪಿದೆ. ಅದರೊಳಗೆ ನೀಲಿ ಸೀರಿಯಲ್ ಲೈಟು ತಲೆಕೆಳಗಾಗಿ ಹೊಳೆಯುತ್ತಿದ್ದುದೂ ನೆನಪಿದೆ. ಒಬ್ಬನೇ ಮನುಷ್ಯ ಎರಡು ಕಡೆ ಇರುವುದಿಲ್ಲ ಎಂಬಷ್ಟು ಭೌತಶಾಸ್ತ್ರವನ್ನು ನಾನು ಓದಿದ್ದೇನೆ. ಆದ್ದರಿಂದ ಎರಡರಲ್ಲಿ ಒಂದನ್ನು ಆಮೇಲೆ ಕಟ್ಟಿಕೊಂಡಿದ್ದೇನೆ. ಯಾವುದು ಎಂದು ತಿಳಿಯದು.

ಕಣ್ಣಾರೆ ಕಂಡದ್ದನ್ನೂ ಸಾಕ್ಷಿಯೆಂದು ಸುಲಭವಾಗಿ ಒಪ್ಪಬಾರದು ಎಂದು ಕೋಚಿಂಗ್ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ನಾನು. ಆ ಕೆಲಸ ಬಿಟ್ಟೆ. ಆಮೇಲಿನ ಕೆಲಸವನ್ನೂ ಬಿಟ್ಟೆ. ಈ ಕತೆ ನಡೆದಾಗ ಯಾವ ಕೆಲಸವನ್ನು ಬಿಡುವ ತಯಾರಿಯಲ್ಲಿದ್ದೆ ಎಂಬುದು ಕೂಡ ಸ್ಪಷ್ಟವಿಲ್ಲ. ಸೋದರಮಾವನ ಮನೆಯಲ್ಲಿ ಊಟ ಸಿಗುತ್ತಿತ್ತು ಎಂಬುದು ಮಾತ್ರ ಖಂಡಿತ.

ಮಾಮಾ ಧಾರವಾಡದಿಂದ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲಿಂದಲೇ ನಿವೃತ್ತನಾದವನು. ಸಾತಾರಾ ರಸ್ತೆಯ ಪಕ್ಕದ ಹಳೆಯ ಹೌಸಿಂಗ್ ಸೊಸೈಟಿಯಲ್ಲಿ ಮೂರನೆಯ ಮಹಡಿಯ ಮನೆ. ಟ್ರಾಫಿಕ್ಕಿನಲ್ಲಿ ಅವನು ಬಯ್ಯುವುದು ಮರಾಠಿಯಲ್ಲಿ, ತರಕಾರಿ ಚೌಕಾಶಿ ಮರಾಠಿಯಲ್ಲಿ, ನಿದ್ದೆಯ ಗೊಣಗಾಟವೂ ಮರಾಠಿಯಲ್ಲೇ ಎಂದು ಮಾಮಿಯ ದೂರು. ಇಷ್ಟಾದರೂ ಸೊಸೈಟಿಯಲ್ಲಿ ಅವನ ಹೆಸರು 'ಕಾನಡೀ ಕಾಕಾ'. ಅಂದರೆ ಕನ್ನಡದ ಕಾಕಾ. ಬಯ್ಗುಳವಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಪ್ರೀತಿಯಿಂದ ಅತಿಥಿ ಎಂದು ಕರೆಸಿಕೊಂಡರೆ ಮನುಷ್ಯ ಸೂಟ್‌ಕೇಸ್ ಎಲ್ಲಿದೆ ಎಂದು ಹುಡುಕತೊಡಗುತ್ತಾನೆ.

ಪ್ರತಿ ವರ್ಷ ಸೊಸೈಟಿಯ ಗಣಪತಿ ಕೂಡಿಸುವಾಗ ಮಾಮಾನಿಗೆ ಕೊಡುತ್ತಿದ್ದ ಜವಾಬ್ದಾರಿ ಪ್ರಸಾದದ ದ್ರೋಣ, ಎಂದರೆ ಎಲೆಯ ದೊನ್ನೆ, ಹಂಚುವುದು. ಗಣಪತಿಯ ಸುತ್ತ ಒಂದು ದೃಶ್ಯ ಕಟ್ಟುತ್ತಾರೆ, ಇಲ್ಲಿಯವರು ಅದಕ್ಕೆ 'ದೇಖಾವಾ' ಎನ್ನುತ್ತಾರೆ. ಪುಣೆಯಲ್ಲಿ ಮನುಷ್ಯನ ಮರ್ಯಾದೆಯನ್ನು ಅಳೆಯುವುದು ದೇಖಾವಾ ಕಟ್ಟುವವರ ಸಾಲಿನಲ್ಲಿ ಅವನಿದ್ದಾನೋ, ಅದನ್ನು ನೋಡಿ ಹೋಗುವವರ ಸಾಲಿನಲ್ಲೋ ಎಂಬುದರಿಂದ. ಆ ವರ್ಷ ಯಾವಾಗಲೂ ಕಟ್ಟುತ್ತಿದ್ದವರು ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದರು. ಮಾಮಾ ಸಭೆಯಲ್ಲಿ ಕೈ ಎತ್ತಿದ. ಅಧ್ಯಕ್ಷರು ನಕ್ಕು, ಈ ಸಲ ಕಾನಡೀ ಕಾಕಾನೇ ಮಾಡಲಿ, ಕೆಟ್ಟರೆ ಮುಂದಿನ ವರ್ಷಕ್ಕೆ ನಾವು ಇದ್ದೇ ಇದ್ದೇವೆ ಎಂದರಂತೆ. ಮನೆಗೆ ಬಂದ ಮಾಮಾ ಅನುಮತಿ ಸಿಕ್ಕಿತು ಎಂದು ಹೇಳಲಿಲ್ಲ. "ಕೆಟ್ರ ಅಂದ್ರು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಅವನ ಮನಸ್ಸಿನಲ್ಲಿದ್ದುದು ಕೈಲಾಸ. ಹಿಮದ ಗುಹೆ, ಒಳಗೆ ಗಣಪತಿ. ತೊಡಕು ಹಿಮದ್ದು.

"ಥರ್ಮಾಕೋಲ್ ಬಂದ್ ಮಾಡ್ಯಾರ" ಎಂದು ಅಡುಗೆಮನೆಯಲ್ಲಿ ಶುರುಮಾಡಿದ. "ಹತ್ತಿ ಹಚ್ಚೋಣಂದ್ರ ಬಾಜೂ ಸೊಸೈಟಿಯವ್ರು ಹೋದ ವರ್ಷನ ಹಚ್ಯಾರ. ನಾ ಹಚ್ಚಿದ್ರ ಕಾನಡೀ ಕಾಕಾ ಕಾಪಿ ಹೊಡದಾನ ಅಂತಾರ. ನನಗ ಖರೇ ಬರ್ಫ ಬೇಕು. ನೀ ಎಂ.ಎಸ್ಸಿ. ಮಾಡೀಯಲ್ಲ, ಹೇಳು."

ಯಾರಾದರೂ ಕೇಳಲಿ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ಖರೇ ಬರ್ಫ ಎಂದರೆ ಐಸ್ ಅಲ್ಲ ಎಂಬಲ್ಲಿಂದ ಆರಂಭಿಸಿದೆ. ಐಸ್ ನೀರು ಹೆಪ್ಪುಗಟ್ಟಿ ಆಗುವಂಥದು. ಹಿಮ ಹಾಗಲ್ಲ. ಮೋಡದೊಳಗೆ ಗಾಳಿಯಲ್ಲಿರುವ ಆವಿ ನಡುವೆ ನೀರಾಗದೆ ನೇರವಾಗಿ ಹರಳಾಗಿ ಕೂರುತ್ತದೆ. ಆರು ಮೂಲೆಯ ಪುಟ್ಟ ತಟ್ಟೆ ಮೊದಲು, ಮೂಲೆ ಹೊರಗೆ ಚಾಚಿರುವುದರಿಂದ ಅಲ್ಲಿಗೇ ಹೆಚ್ಚು ಆವಿ ತಗಲಿ, ಆರು ಮೂಲೆಯಿಂದ ಆರು ಕೈ, ಕೈಗೆ ಕವಲು. ಅಂಥವು ಒಂದರ ಮೇಲೊಂದು ಬಿದ್ದಾಗ ತುದಿಗಳಷ್ಟೇ ತಾಗುತ್ತವೆ, ನಡುವೆಲ್ಲ ಗಾಳಿ. ಈ ಗಾಳಿ ಅಲ್ಲೇ ಸಿಕ್ಕಿಕೊಂಡು ಓಡಾಡಲಾಗದ್ದರಿಂದಲೇ ಹಿಮ ರಗ್ಗಿನ ಹಾಗೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಸದ್ದನ್ನು ಹೀರುತ್ತದೆ. ಪ್ರತಿ ಹರಳೂ ಗಾಜಿನಂತೆ ಪಾರದರ್ಶಕ, ಆದರೆ ಅಷ್ಟೊಂದು ಮುಖಗಳಿಗೆ ಬಡಿದು ಬೆಳಕು ದಾರಿ ತಪ್ಪಿ ವಾಪಸು ಬರುವುದರಿಂದ ರಾಶಿ ಬೆಳ್ಳಗೆ ಕಾಣುತ್ತದೆ. ಹಿಮದ ಎಲ್ಲ ಗುಣವೂ ಅದರ ಸಣ್ಣ ಕಟ್ಟಡದಲ್ಲಿದೆ, ನೀರಿನಲ್ಲಿಲ್ಲ ಎಂದು ನಾನು ಸಮಾರೋಪ ಮಾಡಿದೆ.

ಮಾಮಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ನೀ ಬರ್ಫ ಬೀಳೂದು ನೋಡೀಯೇನು?"

"ಇಲ್ಲ."

"ಮತ್ತ?"

"ಓದೇನಿ."

"ಹಂಗಾರ ನಿನ್ನ ಬರ್ಫ ಪುಸ್ತಕದಾಗ ಇರಲಿ. ಸರಿ, ಸರಿ, ಮೊಸರು ತಗೀಬೇಕು."

ಅವಳು ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲಿನ ಖಾನೆಯ ಗೋಡೆಗಳಿಗೆ ಬೆಳ್ಳನೆಯ ಪದರ ಅಂಟಿತ್ತು. ನನ್ನ ಬಾಯಿ ಸುಮ್ಮನಿರಬಹುದಿತ್ತು. ಇಡೀ ಪುಣೆಯಲ್ಲಿ ಹಿಮಕ್ಕೆ ಹತ್ತಿರದ ನೆಂಟನೆಂದರೆ ಇದೇ, ಇದೂ ಆವಿಯಿಂದ ನೇರ ಹರಳಾದದ್ದು ಎಂದುಬಿಟ್ಟೆ. ಮಾಮಾ ಚಹಾದ ಕಪ್ಪು ಕೆಳಗಿಟ್ಟು, ಎದ್ದು ಬಂದು, ತನ್ನದೇ ಫ್ರಿಜ್ಜನ್ನು ಮೊದಲ ಸಲ ಪರಿಚಯ ಮಾಡಿಕೊಳ್ಳುವವನಂತೆ ಒಳಗೆ ಇಣುಕಿದ.

ಮರುದಿನದಿಂದ ಮಾವ ಅಳಿಯ ಇಬ್ಬರೂ ಸ್ಟೀಲಿನ ಡಬ್ಬಿ ಮತ್ತು ದೋಸೆ ಮಗುಚುವ ಚಮಚ ಹಿಡಿದು ಸೊಸೈಟಿಯ ಮನೆ ಮನೆ ಹತ್ತಿದೆವು, ಫ್ರಿಜ್ಜಿನ ಹಿಮ ಕೆರೆಯಲು. ಭಿಕ್ಷೆಯ ಇತಿಹಾಸದಲ್ಲಿ ಇದು ಹೊಸದಿರಬಹುದು. ಈಗಿನ ಫ್ರಿಜ್ಜುಗಳಲ್ಲಿ ಹಿಮ ಕಟ್ಟುವುದಿಲ್ಲ ಎಂಬುದು ನಮಗೆ ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಅರಿವಾಯಿತು. ಹಿಮ ಕಟ್ಟುವ ಹಳೆಯ ಫ್ರಿಜ್ ಇದ್ದವರು ಇದೆ ಎಂದು ಒಪ್ಪುತ್ತಿರಲಿಲ್ಲ. "ಆಮಚಾ ಫ್ರಾಸ್ಟ್ ಫ್ರೀ" ಎಂದು ಹೇಳಿ, ನಮ್ಮದು ಹಿಮ ಕಟ್ಟದ ಜಾತಿ ಎಂಬ ಹೆಮ್ಮೆಯಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೆಲಮಹಡಿಯ ಬೆಳಗಾವಿ ಅಜ್ಜಿ ಒಬ್ಬಳೇ ಮರೆಮಾಚಲಿಲ್ಲ. ಅವಳ ಫ್ರಿಜ್ಜಿನ ಮೇಲಿನ ಖಾನೆ ಆಗಲೇ ಕೈಲಾಸದ ಗುಹೆಯಾಗಿತ್ತು.

"ತಗೋರಿ, ಎಲ್ಲಾ ತಗೋರಿ, ಪುಣ್ಯಾ ಬರಲಿ" ಎಂದಳು. "ಕೆರೀಬೇಕಾದ್ರ ಒಳಗ ಬಟಾಣಿ ಪಾಕೀಟ ಸಿಕ್ರ ಮಾತ್ರ ತಿರುಗಿ ಕೊಡ್ರಿ. ಹೋದ ಸಂಕ್ರಾಂತಿಯಿಂದ ಹುಡುಕಲಿಕ್ಕತ್ತೇನಿ."

ಸಿಕ್ಕಿತು. ಕೊಟ್ಟೆವು.

ಒಟ್ಟು ಸಂಗ್ರಹ ಒಂದು ಬಕೆಟ್ಟಿನ ಅರ್ಧವೂ ಆಗಲಿಲ್ಲ. ಅದನ್ನು ನಮ್ಮ ಫ್ರಿಜ್ಜಿನಲ್ಲಿ ತುರುಕಲು ಹೋದಾಗ ಮಾಮಿ ಮೂಗು ಮುಚ್ಚಿಕೊಂಡಳು. ಹಿಮದ ಹರಳು ಎಷ್ಟು ಸಣ್ಣದೋ, ಅದರ ರಾಶಿಯ ಒಟ್ಟು ಮೇಲ್ಮೈ ಅಷ್ಟು ವಿಸ್ತಾರ. ಆ ಮೇಲ್ಮೈ ಹತ್ತಿರ ಸುಳಿದ ವಾಸನೆಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು, ಆದರೆ ನನ್ನ ಮೂಗಿಗೆ ಗೊತ್ತಿರಲಿಲ್ಲ. ಆ ಬಕೆಟ್ಟಿನಲ್ಲಿ ಸೊಸೈಟಿಯ ಎಲ್ಲ ಅಡುಗೆಯೂ ಇತ್ತು. ಸಸ್ಯಾಹಾರಿಗಳೆಂದು ಎಲ್ಲರಿಗೂ ತಿಳಿಸಿದ್ದ ಒಂದು ಮನೆಯ ಬಂಗಡೆ ಮೀನು ಕೂಡ ಇತ್ತು.

"ಇದನ್ನ ದೇವರ ಮುಂದ ಇಡ್ತೀರಿ?" ಎಂದಳು ಮಾಮಿ. "ಕೈಲಾಸಕ್ಕ ಬಳ್ಳೊಳ್ಳಿ ಒಗ್ಗರಣಿ ಕೊಟ್ಟಾರೇನು?"

ಕೈಲಾಸ ಮೋರಿಗೆ ಹೋಯಿತು. ಉಳಿದ ದಾರಿ ಒಂದೇ: ಐಸ್ ಫ್ಯಾಕ್ಟರಿಯ ದಿಮ್ಮಿ ತರುವುದು, ಬರ್ಫದ ಗೋಳಾ ಮಾರುವವನ ಕೈಯಂತ್ರದಲ್ಲಿ ಅದನ್ನು ಹೆರೆಸುವುದು. ಹೆರೆದ ಐಸ್ ಹಿಮವಲ್ಲ, ಅದಕ್ಕೆ ಕೈಯೂ ಇಲ್ಲ ಕವಲೂ ಇಲ್ಲ, ಮುರಿದ ಚೂರು ಅಷ್ಟೇ, ಬೇಗ ಕುಸಿಯುತ್ತದೆ ಎಂದು ನಾನು ಎಚ್ಚರಿಸಿದೆ ಎಂದು ನನ್ನ ನೆನಪು. ನಾನು "ನಡೀತದ ಮಾಮಾ, ಯಾರು ದುರ್ಬೀನು ಹಚ್ಚಿ ನೋಡ್ತಾರ" ಎಂದೆ ಎಂದು ಮಾಮಾನ ನೆನಪು. ಎರಡೂ ನೆನಪುಗಳು ಅವರವರಿಗೆ ಅನುಕೂಲವಾಗಿಯೇ ಇವೆ.

ಕರಗುವ ನೀರಿಗೆ ಮಾತ್ರ ನಾನು ಭದ್ರ ವ್ಯವಸ್ಥೆ ಮಾಡಿದ್ದೆ. ಏಕೆಂದರೆ ಆ ವರ್ಷದ ಗಣಪತಿ ಹಸಿಮಣ್ಣಿನವನು. ಪರಿಸರದ ಮೇಲಿನ ಕಾಳಜಿಯಿಂದ, ಬಕೆಟ್ಟಿನಲ್ಲಿ ಮುಳುಗಿಸಿದರೂ ಕರಗಬೇಕು ಎಂದು ಸೊಸೈಟಿ ಠರಾವು ಮಾಡಿ ಸುಡದ ಮಣ್ಣಿನ ಮೂರ್ತಿ ತಂದಿತ್ತು. ಆ ಠರಾವನ್ನು ದೊಡ್ಡ ಪ್ಲಾಸ್ಟಿಕ್ ಫ್ಲೆಕ್ಸಿನಲ್ಲಿ ಅಚ್ಚುಹಾಕಿಸಿ ಗೇಟಿಗೆ ಕಟ್ಟಿತ್ತು. ಕರಗಲೆಂದೇ ಮಾಡಿದ ದೇವರನ್ನು ಕರಗುವ ಬೆಟ್ಟದ ನಡುವೆ ಕೂಡಿಸುವುದು ಎಂಥ ಯೋಜನೆ ಎಂದು ಕೇಳಬೇಕಿದ್ದವನು ನಾನು. ಬದಲಿಗೆ ತಗಡಿನ ಟ್ರೇ, ಇಳಿಜಾರು, ರಬ್ಬರಿನ ಕೊಳವೆ, ಕೆಳಗೊಂದು ಬಕೆಟ್ಟು, ಇವುಗಳ ಚಿತ್ರ ಬರೆದು ಮಾಮಾನಿಗೆ ತೋರಿಸಿದೆ. ಒಂದು ಹನಿ ನೀರೂ ಮೂರ್ತಿಯ ಕಡೆ ಹೋಗುವುದಿಲ್ಲ ಎಂದು ಭರವಸೆ ಕೊಟ್ಟೆ. ಆ ಭರವಸೆ ಕೊನೆಯವರೆಗೂ ನಿಜವಾಗಿಯೇ ಉಳಿಯಿತು ಎಂಬುದನ್ನು ದಾಖಲಿಸಬೇಕು.

ಪ್ರತಿಷ್ಠಾಪನೆಯ ಸಂಜೆ ಹೆರೆದ ಐಸ್ ತುಂಬಿದೆವು. ದೀಪ ಹಾಕಿದಾಗ ನಾನೇ ಒಂದು ಕ್ಷಣ ನಂಬಿದೆ. ಮಳೆಗಾಲದ ಪುಣೆಯಲ್ಲಿ, ಬಸ್ಸಿನ ಹಾರ್ನು ಕೇಳುವ ಅಂಗಳದಲ್ಲಿ, ಬೆಳ್ಳನೆಯ ಬೆಟ್ಟ ಉಸಿರಾಡುತ್ತಿತ್ತು. ಅಧ್ಯಕ್ಷರು ಬಂದು ನೋಡಿ ಸುತ್ತಲಿದ್ದವರಿಗೆ, "ಮೀ ಮ್ಹಣಾಲೋ ಹೋತೋ" ಎಂದರು. ನಾನು ಮೊದಲೇ ಹೇಳಿದ್ದೆ ಎಂದು ಅರ್ಥ. ಏನನ್ನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ಮಾಮಾನ ಬೆನ್ನು ತಟ್ಟಿದರು. ಅವನು ಅಂದು ದ್ರೋಣ ಹಂಚಲಿಲ್ಲ, ಮೂರ್ತಿಯ ಪಕ್ಕದಲ್ಲಿ ನಿಂತಿದ್ದ.

ಆರತಿ ಮುಗಿಯುವಷ್ಟರಲ್ಲಿ ಕೈಲಾಸದ ಬಣ್ಣ ಕೆಟ್ಟಿತು. ಚೂರುಗಳ ನಡುವಿನ ಗಾಳಿಯ ಜಾಗಕ್ಕೆ ಕರಗಿದ ನೀರು ಇಳಿದಾಗ ಬೆಳಕು ಮೊದಲಿನಂತೆ ಚದುರುವುದಿಲ್ಲ, ಒಳಗೆ ನುಂಗಿಹೋಗುತ್ತದೆ. ಬೆಟ್ಟ ಬೂದು ಬಣ್ಣಕ್ಕೆ ತಿರುಗಿ, ಈಗಷ್ಟೇ ಒರೆಸಿದ ಕಡಪಾ ಕಲ್ಲಿನಂತೆ ಕಂಡಿತು. ಜೊತೆಗೆ ಗಟ್ಟಿಯೂ ಆಯಿತು. ಐಸಿನ ಕಣಗಳು ಬಿಡಿಬಿಡಿಯಾಗಿ ಬಹಳ ಹೊತ್ತು ಇರಲಾರವು. ಮೊದಲು ಚೂಪು ಮೂಲೆಗಳು ಸವೆಯುತ್ತವೆ, ಆಮೇಲೆ ಒಂದನ್ನೊಂದು ತಾಗಿದ ಕಡೆ ಪುಟ್ಟ ಕತ್ತು ಬೆಳೆಯುತ್ತದೆ, ಕತ್ತು ದಪ್ಪವಾಗುತ್ತದೆ, ಕೊನೆಗೆ ಯಾರ ಕಣ ಯಾವುದು ಎಂದು ತಿಳಿಯದ ಒಂದೇ ಗಡ್ಡೆ. ಸೊಸೈಟಿಯ ಸಮಿತಿಯಲ್ಲಿಯೂ ಹೀಗೇ. ಆರಿಸಿ ಬಂದ ಹೊಸದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮೂಲೆ ಇರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹಾರೆ ಹಾಕಿದರೂ ಬಿಡಿಸಲಾಗುವುದಿಲ್ಲ.

ಮೇಲೆ ಹೊಸ ಪದರ ಹಾಕಿದರೆ ಬೆಳ್ಳಗಾಗುತ್ತಿತ್ತು. ಅದಕ್ಕಾಗಿ ಮರುದಿನ ಸಂಜೆ ಇನ್ನೊಂದು ದಿಮ್ಮಿ ತರಲು ನಾನು ಕಾತ್ರಜಕ್ಕೆ ಹೋದೆ. ಹೋದದ್ದು ಖಚಿತ, ಯಾವಾಗ ಬಂದೆ ಎಂಬುದಷ್ಟೇ ವಿವಾದ. ಬಂದಾಗ ಗೇಟಿನವರೆಗೂ ಜನ. "ಘಾಮ ಆಲಾ! ಬಾಪ್ಪಾಲಾ ಘಾಮ ಆಲಾ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಗಣಪತಿಗೆ ಬೆವರು ಬಂದಿತ್ತು. ಹಣೆಯ ಮೇಲೆ, ಸೊಂಡಿಲ ಮೇಲೆ, ಹೊಟ್ಟೆಯ ಮೇಲೆ ಸಾಸಿವೆ ಗಾತ್ರದ ಹನಿಗಳು. ಹಿಮದ ನಡುವೆ ಕುಳಿತು ಬೆವರುವ ದೇವರು.

ನನಗೆ ಅರ್ಥವಾಗಲು ತಡವಾಗಲಿಲ್ಲ. ನೀರು ಕೆಳಗಿನಿಂದ ಬರುತ್ತದೆ ಎಂದು ನಾವು ಟ್ರೇ ಇಟ್ಟು ಕಾದಿದ್ದೆವು. ಅದು ಗಾಳಿಯಿಂದ ಬಂತು. ಸುತ್ತಲೂ ಐಸಿನ ಗೋಡೆ, ನಡುವೆ ತಣ್ಣಗಾದ ಬಣ್ಣ ಬಳಿದ ಮೂರ್ತಿ, ಹೊರಗೆ ಭಾದ್ರಪದದ ಒದ್ದೆ ಗಾಳಿ, ಸಾಲದ್ದಕ್ಕೆ ಮುಂದೆ ನಿಂತ ಅಷ್ಟೂ ಭಕ್ತರ ಉಸಿರು. ನನ್ನ ಕೊಳವೆ ಅತ್ತ ಕಡೆ ಶಿಸ್ತಾಗಿ ಬಕೆಟ್ಟಿಗೆ ನೀರು ಬಿಡುತ್ತಿತ್ತು.

ಅಧ್ಯಕ್ಷರನ್ನು ಬದಿಗೆ ಕರೆದು, ತಣ್ಣೀರು ತುಂಬಿದ ಸ್ಟೀಲ್ ಲೋಟಕ್ಕೂ ಹೊರಗೆ ಹೀಗೇ ಹನಿ ಬರುತ್ತದೆ ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಖರಂ ಆಹೇ. ಪಣ ಲೋಟಕ್ಕೆ ಯಾರೂ ನಮಸ್ಕಾರ ಮಾಡೂದಿಲ್ಲ" ಎಂದರು, 'ನಿಜ, ಆದರೆ' ಎಂಬಷ್ಟನ್ನು ಮರಾಠಿಯಲ್ಲಿ, ಉಳಿದದ್ದನ್ನು ನನಗಾಗಿ ಹೊಂದಿಸಿಕೊಂಡ ಕನ್ನಡದಲ್ಲಿ. ಬಿ ವಿಂಗಿನ ನಿವೃತ್ತ ಇಂಜಿನಿಯರು ಒಬ್ಬರು, ನನಗಿಂತ ದೊಡ್ಡ ಪದವಿಯವರು, ಇದು ಶಕ್ತಿಯ ತರಂಗಗಳ ಘರ್ಷಣೆ ಎಂದು ಮೊಬೈಲಿಗೆ ಹೇಳಿಕೆ ಕೊಡುತ್ತಿದ್ದರು. ಜಗತ್ತಿನ ಪಾಪದ ತಾಪ ಎಂದರು ಕೆಲವರು. ಸಾತಾರಾ ರಸ್ತೆಯ ಟ್ರಾಫಿಕ್ ನೋಡಿ ಬೆವರಿದ್ದಾನೆ ಎಂದ ಒಬ್ಬ, ಅದು ಎಲ್ಲ ವಾದಗಳಲ್ಲಿ ಹೆಚ್ಚು ನಂಬುವಂತಿತ್ತು.

ಮಾಮಾನನ್ನು ಜನ ಸುತ್ತುವರಿದಿದ್ದರು. ಯಾರೋ ಹೆಂಗಸು ಅವನ ಕಾಲು ಮುಟ್ಟಿದಳು. "ಕಾಕಾ, ಎಂಥ ಕೈಗುಣ ನಿಮ್ಮದು" ಎಂದರು. ಬರೀ ಕಾಕಾ. ಆ ಮೂವತ್ತು ವರ್ಷದ ಬಾಲ ಒಂದು ಸಂಜೆಯಲ್ಲಿ ಉದುರಿತ್ತು. ಅವನ ಮುಖ ನೋಡಿ ನಾನು ನನ್ನ ಲೋಟದ ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಆದರೆ ಜನ ಹತ್ತಿ ತಂದಿದ್ದರು. ಬೆವರಿನ ಹನಿಯನ್ನು ಹತ್ತಿಯಲ್ಲಿ ಒತ್ತಿ ಮನೆಗೆ ಒಯ್ಯುವುದು ಆಗಲೇ ಪದ್ಧತಿಯಾಗಿತ್ತು. ಎರಡು ಗಂಟೆಗಳ ಪದ್ಧತಿಗೂ ಶಾಸ್ತ್ರ, ಕ್ರಮ, ಸಾಲು ಎಲ್ಲವೂ ಇತ್ತು. ಮೊದಲು ಹಣೆ, ಆಮೇಲೆ ಸೊಂಡಿಲು. ಅಜ್ಜಿ ತನ್ನ ಹತ್ತಿಯನ್ನು ಮಾಮಾನಿಗೆ ತೋರಿಸಿದಳು. ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ನೋಡ್ರಿ, ಕುಂಕುಮದ ಬೆವರು" ಎಂದಳು ಭಕ್ತಿಯಿಂದ. ಮಾಮಾ ನನ್ನ ರಟ್ಟೆ ಹಿಡಿದು ಪರದೆಯ ಹಿಂದಕ್ಕೆ ಎಳೆದ.

"ಅದು ಬಣ್ಣ ಹೌದಲ್ಲೋ?"

"ಹೌದು. ಬಣ್ಣದ ಕೆಳಗ ಹಸೀ ಮಣ್ಣು."

"ಸೊಂಡಿ ಎಷ್ಟೊತ್ತು ತಡೀತದ?"

"ಗೊತ್ತಿಲ್ಲ."

"ಎಂ.ಎಸ್ಸಿ. ಮಾಡಿದ್ದು ಗೊತ್ತಿಲ್ಲ ಅನ್ನಾಕೇನು?"

"ಅದಕ್ಕ ಮಾಡಿದ್ದು ಮಾಮಾ."

ಅವನು ನಗಲಿಲ್ಲ. ಪ್ರಾಣಪ್ರತಿಷ್ಠೆಯಾದ ಮೂರ್ತಿಯ ಸೊಂಡಿಲು ಮುರಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅರ್ಧಕ್ಕೇ ವಿಸರ್ಜನೆ, ಶಾಂತಿ, ಸಭೆ. ಕಾನಡೀ ಕಾಕಾ ನಮ್ಮ ಗಣಪತಿಯನ್ನು ಮುರಿದ ಎಂಬ ವಾಕ್ಯ ಅವನ ನಂತರವೂ ಈ ಕಟ್ಟಡದಲ್ಲಿ ಬದುಕುತ್ತಿತ್ತು. ಐಸ್ ತೆಗೆದುಬಿಡಿ ಎಂದೆ. ಅಧ್ಯಕ್ಷರು ಬಿಡುವುದಿಲ್ಲ ಎಂದ ಮಾಮಾ. ಊರಿನ ದೇಖಾವಾ ಸ್ಪರ್ಧೆಯ ಪರೀಕ್ಷಕರು ಮರುದಿನ ಸಂಜೆ ಬರುವವರಿದ್ದರು, ಅಲ್ಲಿಯತನಕ ಬೆವರು ನಿಲ್ಲಬಾರದು ಎಂದು ಅಪ್ಪಣೆಯಾಗಿತ್ತು.

"ಮತ್ತ ಮೈಕಿನಾಗ ಖರೇ ಹೇಳಿಬಿಡೋಣ" ಎಂದೆ. "ಇದು ಗಾಳ್ಯಾಗಿನ ನೀರು, ಪವಾಡ ಅಲ್ಲ ಅಂತ."

"ನೀ ಹೇಳು. ಅಷ್ಟರಾಗ ನಾ ಸಾಮಾನು ಕಟ್ಟತೇನಿ. ಸ್ವಾರಗೇಟದಿಂದ ಧಾರವಾಡ ಬಸ್ ಸಿಗ್ತದ."

ಪರದೆಯ ಸಂದಿಯಿಂದ ಅವನು ಸ್ವಲ್ಪ ಹೊತ್ತು ಮೂರ್ತಿಯನ್ನೇ ನೋಡಿದ. ಸಾಲಿನಲ್ಲಿ ಇನ್ನೊಬ್ಬರ ಹತ್ತಿ ಸೊಂಡಿಲಿಗೆ ತಾಗಿತು. ಆಮೇಲೆ ಅವನು ಹೊರಗೆ ಹೋಗಿ ಮೈಕು ತೆಗೆದುಕೊಂಡ. ಅವನು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ, ಒಂದೆರಡು ಮಾತು ನನ್ನವೂ ಸೇರಿಕೊಂಡಿರಬಹುದು.

ಬಾಪ್ಪಾನಿಗೆ ಥಂಡಿಯಾಗಿದೆ ಎಂದ. ಇದು ಬಿಸಿಲಿನ ಬೆವರಲ್ಲ, ಚಳಿಯ ಬೆವರು, ಮೈ ಮುಟ್ಟಿ ನೋಡಿ, ಹೇಗೆ ತಣ್ಣಗಿದೆ. ನಮ್ಮ ಪುಣೆಯಲ್ಲಿ ಚಳಿಗಾಲ ಬಂತೆಂದರೆ ಗುಡಿಯ ಗಣಪತಿಗೆ ಸ್ವೆಟರ್ ತೊಡಿಸುತ್ತೇವೆ, ಕಿವಿಗೆ ಟೋಪಿ ಹಾಕುತ್ತೇವೆ. ಇಲ್ಲಿ ಬರಿಮೈಯವನನ್ನು ನಿನ್ನೆಯಿಂದ ಬರ್ಫದ ನಡುವೆ ಕೂಡಿಸಿ ಫೋಟೋ ಹೊಡೆಯುತ್ತಿದ್ದೇವೆ. ನಿಮ್ಮ ಮನೆಯ ಕೂಸಾಗಿದ್ದರೆ ಕೂಡಿಸುತ್ತಿದ್ದಿರಾ?

ಹತ್ತಿ ಹಿಡಿದ ಕೈಗಳು ಅಲ್ಲೇ ನಿಂತವು. ಸಾಲಿನಲ್ಲಿದ್ದ ಹೆಂಗಸೊಬ್ಬಳು "ಅರೇ, ಖರಂಚ ಕೀ" ಎಂದಳು, ಹೌದಲ್ಲ ಎನ್ನುವಂತೆ. ಅಷ್ಟು ಸಾಕಾಯಿತು. ಭೌತಶಾಸ್ತ್ರಕ್ಕೆ ಜಗ್ಗದ ಜನಸಾಗರ ಒಂದು ಸ್ವೆಟರಿನ ಮಾತಿಗೆ ಕರಗಿತು. ಮಾಮಿ ಮೇಲಿನಿಂದ ಮಾಮಾನ ಮಫ್ಲರ್ ತಂದಳು. ಅಜ್ಜಿ ಮೊಮ್ಮಗನ ಉಣ್ಣೆಯ ಕಾನಟೋಪಿ ತಂದಳು. ಮುಂದೆ ಗುಂಡಿ ಇರುವ ಒಂದು ಸ್ವೆಟರು ಎಲ್ಲಿಂದಲೋ ಬಂತು, ಹಿಂದುಮುಂದಾಗಿ ತೊಡಿಸಿದರು. ಇನ್ನು ಮುಟ್ಟಬ್ಯಾಡ್ರಿ, ಬೆಚ್ಚಗ ಮಲಗಲಿ ಎಂದು ಅಜ್ಜಿಯೇ ಎಲ್ಲರ ಕೈಯಿಂದ ಹತ್ತಿ ಕಿತ್ತುಕೊಂಡಳು.

ಬರ್ಫ ತೆಗೆಯಲು ಮೊದಲು ಮುಂದೆ ಬಂದವರು ಅಧ್ಯಕ್ಷರು. ನಿರ್ದಯಿ ಎನಿಸಿಕೊಳ್ಳಲು ಅವರಿಗೂ ಇಷ್ಟವಿರಲಿಲ್ಲ. ಕಣಗಳು ಒಂದಕ್ಕೊಂದು ಬೆಸೆದು ಗಡ್ಡೆಯಾಗಿದ್ದರಿಂದ ಕೈಲಾಸ ಟ್ರೇ ಸಮೇತ ಎರಡೇ ತುಂಡಾಗಿ ಎದ್ದುಬಂತು. ಒಂದು ಚೂರೂ ಮೂರ್ತಿಯ ಮೇಲೆ ಬೀಳಲಿಲ್ಲ. ನಿಜವಾದ ಹಿಮವಾಗಿದ್ದರೆ ಪುಡಿಪುಡಿಯಾಗಿ ಉದುರುತ್ತಿತ್ತೇನೋ. ಹಿಮವಲ್ಲದ್ದರಿಂದ ಆ ದಿನ ಉಪಕಾರವಾಯಿತು. ಬೆಟ್ಟವನ್ನು ಸೊಸೈಟಿಯ ತುಳಸಿಕಟ್ಟೆಯ ಪಕ್ಕ ಇಟ್ಟರು. ಮಕ್ಕಳು ಅದಕ್ಕೆ ಕಾಲಾಖಟ್ಟಾ ಶರಬತ್ತು ಸುರಿದು ನೆಕ್ಕಿದರು.

ಮರುದಿನ ಬಂದ ಪರೀಕ್ಷಕರು ಬರ್ಫವಿಲ್ಲದ ಬರಿಯ ಮಂಟಪವನ್ನು, ಒಳಗೆ ಕಾನಟೋಪಿಯ ಗಣಪತಿಯನ್ನು ನೋಡಿ, ವಿಷಯವೇನು ಎಂದು ಕೇಳಿದರು. ಬಹುಮಾನ ಪಕ್ಕದ ಸೊಸೈಟಿಗೆ ಹೋಯಿತು. ಅವರು ಮತ್ತೆ ಹತ್ತಿಯನ್ನೇ ಹಚ್ಚಿದ್ದರು. ವಿಸರ್ಜನೆಯ ದಿನ ಸ್ವೆಟರು ಬಿಚ್ಚಿದಾಗ ಸೊಂಡಿಲು ಇತ್ತು. ಅದರ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು ಎಂದು ನನ್ನ ನೆನಪು. ಕೂದಲೆಳೆಯಷ್ಟು ಗೆರೆ ಎಂದು ಮಾಮಿಯದು. ಏನೂ ಇರಲಿಲ್ಲ ಎಂದು ಮಾಮಾನದು. ನೋಡೋಣವೆಂದರೆ ಸಾಕ್ಷಿ ಬಕೆಟ್ಟಿನಲ್ಲಿ ಕರಗಿಹೋಗಿದೆ, ಠರಾವಿನ ಪ್ರಕಾರ.

ಬೆವರಿನ ವಿಷಯ ನನ್ನನ್ನು ಬಿಡಲಿಲ್ಲ. ಡಿಸೆಂಬರಿನಲ್ಲಿ ಬಣ್ಣ ಬಳಿದ ಒಂದು ಮಣ್ಣಿನ ಬೊಂಬೆ ತಂದು, ಸುತ್ತ ಐಸಿನ ಚೂರು ಇಟ್ಟು, ಕುರ್ಚಿ ಹಾಕಿಕೊಂಡು ಕುಳಿತೆ. ಬೊಂಬೆ ಬೆವರಲಿಲ್ಲ. ಚಳಿಗಾಲದಲ್ಲಿ ಪುಣೆಯ ಗಾಳಿ ಒಣಗಿರುತ್ತದೆ, ಅದಕ್ಕೇ ಹೀಗಾಯಿತು ಎಂಬ ವಿವರಣೆ ನನ್ನ ಬಳಿ ಸಿದ್ಧವಾಗಿತ್ತು. ಆದರೆ ವಿವರಣೆ ಪುರಾವೆಯಲ್ಲ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನೂ ನಾನೇ. ಮಳೆಗಾಲದಲ್ಲಿ ಮತ್ತೆ ಮಾಡಬೇಕು ಎಂದುಕೊಂಡೆ. ಅಷ್ಟರಲ್ಲಿ ಕೆಲಸ ಬದಲಾಯಿಸಿ ಊರಿನ ಇನ್ನೊಂದು ತುದಿಗೆ ಹೋಗಿದ್ದೆ.

ಒಮ್ಮೆ ಮಾಮಾನನ್ನು ನೇರವಾಗಿ ಕೇಳಿದೆ. ಥಂಡಿ ಅಂತ ಅಂದಿರಲ್ಲ, ನೀವು ನಂಬಿದ್ದಿರೋ, ಸುಮ್ಮನೆ ಮಂದಿಗೆ ಹೇಳಿದಿರೋ?

ಅವನು ಅಡಿಕೆ ಕತ್ತರಿಸುತ್ತಿದ್ದ. "ಥಂಡಿ ಇತ್ತೋ ಇಲ್ಲೋ?"

"ಇತ್ತು."

"ಮತ್ತ ನಾ ಸುಳ್ಳೇನ ಹೇಳೀನಿ? ನೀ ಲೋಟದ ಮಾತು ಹೇಳಿದ್ದಿ, ನಾ ಸ್ವೆಟರದ್ದು ಹೇಳಿದ್ನಿ. ಮಂದಿಗೆ ಮನಿಯೊಳಗ ಎರಡೂ ಅದಾವ."

ಇದನ್ನು ಅವನು ನಿಜವಾಗಿ ಹೇಳಿದನೋ, ಹೇಳಬೇಕಿತ್ತು ಎಂದು ನಾನು ಅವನ ಬಾಯಲ್ಲಿಟ್ಟೆನೋ, ಪ್ರಮಾಣ ಮಾಡಲಾರೆ. ದೇಖಾವಾ ಕಟ್ಟುವ ಕೆಲಸ ಆಮೇಲೂ ಅವನಿಗೇ ಬಂತು ಎಂದು ಮಾಮಿ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಮಾಮಿ ತನ್ನ ಗಂಡನ ವಿಷಯದಲ್ಲಿ ತಟಸ್ಥ ಸಾಕ್ಷಿಯಲ್ಲ.

ಈಚೆಗೆ ಆ ಸೊಸೈಟಿಗೆ ಹೋಗಿದ್ದೆ. ಗೇಟಿನಲ್ಲಿ ಹೊಸ ವಾಚಮನ್. ಪರೀಕ್ಷೆಗೆಂದೇ, ಕಾನಡೀ ಕಾಕಾ ಎಲ್ಲಿರುತ್ತಾರೆ ಎಂದು ಮರಾಠಿಯಲ್ಲಿ ಕೇಳಿದೆ. ಅಂಥವರು ಯಾರೂ ಇಲ್ಲಿ ಇಲ್ಲ ಎಂದ. ಸಣಕಲು, ಕನ್ನಡಕ, ಮೂರನೆಯ ಮಹಡಿ ಎಂದು ಗುರುತು ಹೇಳಿದೆ. "ಅಚ್ಛಾ, ಸ್ವೆಟರವಾಲೇ ಕಾಕಾ" ಎಂದು ಲಿಫ್ಟಿನ ಕಡೆ ಕೈ ತೋರಿಸಿದ. ಒಬ್ಬನ ಸಾಕ್ಷಿ ಸಾಲದೆಂದು ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡುವವನನ್ನೂ, ಹಾಲಿನ ಚೀಲ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸನ್ನೂ ಬೇರೆ ಬೇರೆಯಾಗಿ ಕೇಳಿದೆ. ಕಾನಡೀ ಕಾಕಾ ಎಂದರೆ ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಸ್ವೆಟರವಾಲೇ ಕಾಕಾ ಎಂದಾಗ ಇಬ್ಬರೂ ಮೂರನೆಯ ಮಹಡಿ ಎಂದರು.